ಪಾಳು ಎನಿಸಿಕೊಂಡ ಹುಲ್ಲುಗಾವಲು

ಒಂದು ನೆಲವನ್ನು ಪಾಳೆಂದು ನಿಶ್ಚಯಿಸುವವರು ಯಾರು? ಕೇಳುಗರ ಮುಂದೆ ಇಂದು ನಾನಿಡಬಯಸುವ ಪ್ರಶ್ನೆ ಇದು.

ಹಳೆಯ ಮೈಸೂರಿನಲ್ಲಿ ಹುಲ್ಲುಗಾವಲಿಗೆ ರಾಜಮರ್ಯಾದೆಯಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳಿಗಾಗಿ ‘ಬೆಣ್ಣೆ ಚಾವಡಿ’ಯೆಂಬ ಇಲಾಖೆಯೇ ಇದ್ದಿತು, ಟಿಪ್ಪು ಅದನ್ನು ‘ಅಮೃತ ಮಹಲ್’ ಎಂದು ಕರೆದನು. ಮಳೆ, ಚಳಿ, ಬೇಸಗೆಗಳಿಗೆ ಬೇರೆಬೇರೆ ಕಾವಲುಗಳು. ಅಲ್ಲಿ ಮೇದು ಬೆಳೆದ ಎತ್ತುಗಳು ದಂಡಿನ ಫಿರಂಗಿಗಳನ್ನೆಳೆದವು. ಊರ ದನಗಳಿಗೆ ಗೋಮಾಳವಿತ್ತು. ಇಂಗ್ಲಿಷರ ಕಂದಾಯದ ಲೆಕ್ಕದಲ್ಲಾದರೋ ಉಳುಮೆಯಿಲ್ಲದ, ತೆರಿಗೆ ತಾರದ ನೆಲ ಬಹುಮಟ್ಟಿಗೆ ಪಾಳೆನಿಸಿತು.

ಆ ಮಾತು ಅವರೊಡನೆ ಹೋಗಲಿಲ್ಲ. 2003ರಲ್ಲಿ ಯೋಜನಾ ಆಯೋಗದ ಸಮಿತಿಯೊಂದು, ಡೀಸೆಲ್ಲಿಗೆ ಬೆರೆಸುವ ಎಣ್ಣೆಗಾಗಿ ಜತ್ರೋಫಾ ಗಿಡವನ್ನು ಪಾಳುಭೂಮಿಯಲ್ಲಿ ಬೆಳೆಸಬಹುದೆಂದಿತು. 2009ರ ರಾಷ್ಟ್ರೀಯ ನೀತಿ 2017ರೊಳಗೆ ಶೇಕಡಾ 20ರಷ್ಟು ಬೆರಕೆಯ ಗುರಿಯಿಟ್ಟಿತು. ಡೀಸೆಲ್ಲಿನಲ್ಲಿ ಅದು ಶೇಕಡಾ 1ನ್ನೂ ಮುಟ್ಟಲಿಲ್ಲ. ನೀರು ಗೊಬ್ಬರಗಳಿಲ್ಲದ ಒಣನೆಲದಲ್ಲಿ ಗಿಡ ಬದುಕಿದರೂ ಬೀಜ ಬಿಡುವುದು ಅತ್ಯಲ್ಪ. ಅದರ ಎಲೆಯನ್ನು ದನ ಮೂಸಿಯೂ ನೋಡದು. ಇಂಥ ಗಿಡ ಗೋಮಾಳವನ್ನು ತುಂಬಿದರೆ, ಹೊಲವಿಲ್ಲದೆ ಎರಡು ಕುರಿ, ಒಂದು ಹಸುವನ್ನೇ ನಂಬಿದವರು ಮೇವನ್ನು ಕೊಳ್ಳಬೇಕು, ಇಲ್ಲವೇ ದನವನ್ನು ಮಾರಬೇಕು. ಎಣ್ಣೆಯ ಲೆಕ್ಕದಲ್ಲಿ ಈ ನಷ್ಟಕ್ಕೆ ಕಲಮೇ ಇಲ್ಲ.

ಗಿಡದೆಣ್ಣೆ ನಮಗೆ ಹೊಸದಲ್ಲ. ಹೊಂಗೆಯ ಎಣ್ಣೆ ದೀಪಕ್ಕಾಯಿತು, ಹಿಂಡಿ ಗದ್ದೆಗಾಯಿತು. ಆದರೆ ಆ ಮರ ಬದುವಿನಲ್ಲಿ, ದಾರಿಯ ಬದಿಯಲ್ಲಿ ನಿಂತಿತು. ಹುಲ್ಲನ್ನು ಹೊರಗಟ್ಟಿ ಬೆಳೆಯಲಿಲ್ಲ. ಬಾಳುವ ಬೆಳೆಗೂ ಬಾಳದ ಬೆಳೆಗೂ ಇರುವ ಅಂತರ ಇಲ್ಲಿದೆ. ಒಂದು ನೆಲವನ್ನು ಪಾಳೆಂದು ಬರೆಯುವ ಮುನ್ನ ಅಲ್ಲಿ ಮೇಯುವ ದನಗಳನ್ನೊಮ್ಮೆ ಎಣಿಸುವುದು ನ್ಯಾಯ.