ಒಂದು ಜಿಂಕೆಮರಿ, ಒಂದು ವರ್ಷದ ಕಾಳು

ಹದಿಮೂರರ ಹೊಸ್ತಿಲಲ್ಲಿರುವ ಹುಡುಗನೊಬ್ಬ ಹೊಲದ ಬೇಲಿಯನ್ನು ಎತ್ತರಿಸುತ್ತಿದ್ದಾನೆ. ಅವನ ಅಪ್ಪ ಮರದ ಬೊಡ್ಡೆ ಕೀಳಲು ಹೋಗಿ ಹೊಟ್ಟೆಯೊಳಗೆ ಏನೋ ಹರಿದುಕೊಂಡು ಹಾಸಿಗೆ ಹಿಡಿದಿದ್ದಾನೆ. ಆಗಷ್ಟೇ ಮೇಲೆದ್ದಿದ್ದ ಮೆಕ್ಕೆಜೋಳದ ಪೈರನ್ನು ಜಿಂಕೆಯೊಂದು ಮೇದುಬಿಟ್ಟಿದೆ. ಅದು ಕಾಡಿನಿಂದ ನುಗ್ಗಿದ ಜಿಂಕೆಯಲ್ಲ. ಹುಡುಗನೇ ತನ್ನ ಪಾಲಿನ ಹಾಲು ಕುಡಿಸಿ ಬೆಳೆಸಿದ ಜಿಂಕೆ. ಹುಡುಗ ಮತ್ತೆ ಬಿತ್ತುತ್ತಾನೆ. ಸೀಳಿದ ಮರದ ಗಳಗಳನ್ನು ಹೊತ್ತು ತಂದು ಒಂದರ ಮೇಲೊಂದು ಪೇರಿಸುತ್ತಾನೆ. ಪೈರು ಎರಡನೆಯ ಸಲ ಮೇಲೇಳುತ್ತದೆ. ಜಿಂಕೆ ಎತ್ತರಿಸಿದ ಬೇಲಿಯನ್ನೂ ಹಾರುತ್ತದೆ.

ಮಾರ್ಜೊರಿ ಕಿನ್ನನ್ ರಾಲಿಂಗ್ಸ್ ಬರೆದ ‘ದಿ ಇಯರ್ಲಿಂಗ್’ ಕಾದಂಬರಿಯ ಕೊನೆಯ ಭಾಗವಿದು. 1938ರಲ್ಲಿ ನ್ಯೂಯಾರ್ಕಿನ ಸ್ಕ್ರಿಬ್ನರ್ಸ್ ಪ್ರಕಾಶನದಿಂದ ಹೊರಬಂದ ಈ ಪುಸ್ತಕ ಆ ವರ್ಷ ಅಮೆರಿಕದಲ್ಲಿ ಅತಿ ಹೆಚ್ಚು ಮಾರಾಟವಾದ ಕಾದಂಬರಿಯಾಯಿತು. 1939ರಲ್ಲಿ ಇದಕ್ಕೆ ಪುಲಿಟ್ಜರ್ ಬಹುಮಾನ ಬಂತು. ರೈತನ ಮಗನೊಬ್ಬ ಮುಗ್ಧತೆ ಕಳೆದುಕೊಂಡು ದೊಡ್ಡವನಾಗುವ ಕಥೆ ಎಂದು ಅದನ್ನು ಒಂದೇ ಸಾಲಿನಲ್ಲಿ ಪರಿಚಯಿಸುವುದು ರೂಢಿ. ಆದರೆ ಅವನು ಕಳೆದುಕೊಂಡ ಮುಗ್ಧತೆ ಯಾವುದು ಎಂದು ಕೇಳಿದರೆ ಉತ್ತರ ಅಷ್ಟು ಸಲೀಸಾಗಿ ಸಿಗುವುದಿಲ್ಲ. ಸಾವು ಅವನಿಗೆ ಹೊಸದಲ್ಲ. ಅಪ್ಪನ ಜೊತೆ ಬೇಟೆಗೆ ಹೋಗುವ ಹುಡುಗ ಅವನು. ಜಿಂಕೆಯ ಮಾಂಸ ಅವನ ಮನೆಯ ದಿನನಿತ್ಯದ ಊಟ. ಹಾಗಿದ್ದೂ ಈ ಒಂದು ಜಿಂಕೆಯ ಸಾವು ಅವನನ್ನು ಮನೆ ಬಿಟ್ಟು ಓಡುವಂತೆ ಮಾಡುತ್ತದೆ. ಯಾಕೆ ಎಂದು ತಿಳಿಯಬೇಕಾದರೆ ಆ ಹೊಲದ ಮಣ್ಣಿನಿಂದಲೇ ಶುರುಮಾಡಬೇಕು.

ಫ್ಲಾರಿಡಾದ ನಡುಭಾಗದಲ್ಲಿ, ಸೇಂಟ್ ಜಾನ್ಸ್ ಮತ್ತು ಆಕ್ಲವಾಹಾ ನದಿಗಳ ನಡುವೆ, ಬಿಳಿ ಮರಳಿನ ದೊಡ್ಡ ಕುರುಚಲು ಕಾಡೊಂದಿದೆ. ಸ್ಥಳೀಯರು ಅದನ್ನು ‘ಸ್ಕ್ರಬ್’ ಎನ್ನುತ್ತಾರೆ. ಗಿಡ್ಡ ಪೈನ್ ಮರ, ಕುಳ್ಳ ಓಕ್, ಮುಳ್ಳು ಪೊದೆ ಬಿಟ್ಟರೆ ಅಲ್ಲಿ ಹೆಚ್ಚೇನೂ ಬೆಳೆಯುವುದಿಲ್ಲ. ಎಷ್ಟು ಮಳೆ ಬಿದ್ದರೂ ನೀರು ಮರಳಿನಲ್ಲಿ ಇಂಗಿಹೋಗುತ್ತದೆ. ಈ ಕುರುಚಲಿನ ನಡುನಡುವೆ ಮಾತ್ರ ಎತ್ತರದ ಪೈನ್ ಮರಗಳಿರುವ, ಸ್ವಲ್ಪ ಸಾರವಿರುವ ನೆಲದ ತುಣುಕುಗಳು ಸಿಗುತ್ತವೆ. ಸುತ್ತ ನೀರಿಲ್ಲದಿದ್ದರೂ ಅವುಗಳನ್ನು ‘ಐಲೆಂಡ್’, ಅಂದರೆ ದ್ವೀಪ ಎಂದೇ ಕರೆಯುತ್ತಾರೆ. ಒಕ್ಕಲು ಮಾಡಲು ಸಾಧ್ಯವಿದ್ದದ್ದು ಅಲ್ಲಿ ಮಾತ್ರ.

ಕಾದಂಬರಿಯ ಬ್ಯಾಕ್ಸ್ಟರ್ ಕುಟುಂಬ ಅಂಥದೊಂದು ದ್ವೀಪದಲ್ಲಿದೆ. ಕಾಲ ಅಮೆರಿಕದ ಅಂತರ್ಯುದ್ಧ ಮುಗಿದ ಕೆಲವೇ ವರ್ಷಗಳ ನಂತರದ್ದು. ಅಪ್ಪ ಎಜ್ರಾ ಸಣ್ಣ ಮೈಕಟ್ಟಿನವನು. ಹಾಗಾಗಿ ಎಲ್ಲರ ಬಾಯಲ್ಲಿ ಅವನು ‘ಪೆನ್ನಿ’, ಚಿಲ್ಲರೆ ಕಾಸು. ಜನರ ಗದ್ದಲದಿಂದ ದೂರವಿರಲೆಂದೇ ಈ ಕಾಡಿಗೆ ಬಂದವನು. ತಾಯಿ ಓರಾ ಒಂದರ ಹಿಂದೊಂದರಂತೆ ಮಕ್ಕಳನ್ನು ಮಣ್ಣು ಮಾಡಿದವಳು. ಉಳಿದವನು ಜೋಡಿ ಒಬ್ಬನೇ. ಮನೆಗೆ ಬಾವಿಯಿಲ್ಲ. ನೆಲ ಕುಸಿದು ಆದ ದೊಡ್ಡ ಗುಂಡಿಯೊಂದರ ತಳಕ್ಕೆ ಇಳಿದು, ಅಲ್ಲಿ ಒಸರುವ ನೀರನ್ನು ಹೊತ್ತು ತರಬೇಕು.

ಇಂಥ ಮನೆಯಲ್ಲಿ ಮೆಕ್ಕೆಜೋಳ ಬರೀ ಒಂದು ಬೆಳೆಯಲ್ಲ. ಮನೆಯವರ ರೊಟ್ಟಿ ಅದರಿಂದ, ಕುದುರೆಯ ದಾಣಿ ಅದರಿಂದ, ಹಂದಿ ಕೋಳಿಗಳ ಮೇವು ಅದರಿಂದ, ಮುಂದಿನ ವರ್ಷದ ಬೀಜವೂ ಅದರಿಂದಲೇ. ಮಾರಿ ದುಡ್ಡು ಮಾಡುವುದೇನಿದ್ದರೂ ಒಂದಿಷ್ಟು ಹೊಗೆಸೊಪ್ಪು ಮತ್ತು ಬೇಟೆಯ ತೊಗಲು. ಬೆಳೆ ಹೋದರೆ ಸಾಲ ಕೊಡಲು ಬ್ಯಾಂಕಿಲ್ಲ, ಪರಿಹಾರ ಕೊಡಲು ಸರ್ಕಾರವಿಲ್ಲ. ಅತಿ ಹತ್ತಿರದ ನೆರೆಯವರಾದ ಫಾರೆಸ್ಟರ್ ಕುಟುಂಬವೇ ಕೆಲವು ಮೈಲಿ ದೂರ, ಅವರೊಡನೆ ಸಂಬಂಧ ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುವುದಿಲ್ಲ.

ಬೇಲಿಯ ಹಿಂದೆಯೂ ಒಂದು ಚರಿತ್ರೆಯಿದೆ. ಆ ಕಾಲದ ಫ್ಲಾರಿಡಾದಲ್ಲಿ ದನ, ಹಂದಿಗಳನ್ನು ಕಾಡಿಗೆ ಬಿಟ್ಟು ಮೇಯಿಸುವುದು ವಾಡಿಕೆ. ಜಾನುವಾರುಗಳನ್ನು ಕಟ್ಟಿಹಾಕುವ ಹೊಣೆ ಮಾಲೀಕನದಾಗಿರಲಿಲ್ಲ. ಬೆಳೆ ಉಳಿಸಿಕೊಳ್ಳಬೇಕಾದವನು ರೈತ, ಬೇಲಿ ಹಾಕಬೇಕಾದವನೂ ಅವನೇ. ದನಗಳು ರಸ್ತೆಗೆ ಬರದಂತೆ ಮಾಲೀಕರೇ ಬೇಲಿ ಹಾಕಬೇಕೆಂಬ ಕಾನೂನು ಇಡೀ ರಾಜ್ಯಕ್ಕೆ ಬಂದದ್ದು 1949ರಲ್ಲಿ. ಜೋಡಿ ಎತ್ತರಿಸುವ ಬೇಲಿ ಹಂದಿಗಳಿಗೆಂದು, ದನಗಳಿಗೆಂದು ಕಟ್ಟಿದ್ದು. ಹಾರುವ ಪ್ರಾಣಿಗೆ, ಅದರಲ್ಲೂ ಹೊಲದ ಒಳಗೇನಿದೆ ಎಂದು ಚೆನ್ನಾಗಿ ತಿಳಿದ ಪ್ರಾಣಿಗೆ, ಅದು ತಡೆಯೇ ಅಲ್ಲ.

ರಾಲಿಂಗ್ಸ್ ಈ ಲೋಕದಲ್ಲಿ ಹುಟ್ಟಿದವರಲ್ಲ. 1896ರಲ್ಲಿ ವಾಷಿಂಗ್ಟನ್ನಿನಲ್ಲಿ ಜನನ, ತಂದೆ ಪೇಟೆಂಟ್ ಕಚೇರಿಯ ನೌಕರ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಓದಿ, ಲೂಯಿವಿಲ್ ಮತ್ತು ರಾಚೆಸ್ಟರ್ ನಗರಗಳ ಪತ್ರಿಕೆಗಳಿಗೆ ಬರೆಯುತ್ತಿದ್ದರು. 1928ರಲ್ಲಿ, ತಾಯಿಯಿಂದ ಬಂದ ಹಣದಲ್ಲಿ, ಫ್ಲಾರಿಡಾದ ಕ್ರಾಸ್ ಕ್ರೀಕ್ ಎಂಬ ಪುಟ್ಟ ಹಳ್ಳಿಯಲ್ಲಿ 72 ಎಕರೆಯ ಕಿತ್ತಳೆ ತೋಟ ಕೊಂಡರು. ಗಂಡನಿಗೆ ಆ ಬದುಕು ಒಗ್ಗಲಿಲ್ಲ. 1933ರಲ್ಲಿ ವಿಚ್ಛೇದನವಾಯಿತು. ರಾಲಿಂಗ್ಸ್ ಅಲ್ಲೇ ಉಳಿದರು.

ಅವರ ಬರವಣಿಗೆ ದಾರಿ ಹಿಡಿದದ್ದು ಅಲ್ಲಿಗೆ ಬಂದ ಮೇಲೆ. ಮೊದಲು ಬರೆದ ರೋಚಕ ಕಥೆಗಳನ್ನು ಪತ್ರಿಕೆಗಳು ತಿರುಗಿ ಕಳಿಸುತ್ತಿದ್ದವು. ಸುತ್ತಲಿನ ಬಡ ಬಿಳಿಯ ರೈತರ, ‘ಕ್ರ್ಯಾಕರ್’ ಎಂದು ಕರೆಸಿಕೊಳ್ಳುವ ಜನರ, ಮಾತುಕತೆಯನ್ನು ಕೇಳಿ ಬರೆದ ಚಿಕ್ಕ ಪ್ರಸಂಗಗಳನ್ನು ಸ್ಕ್ರಿಬ್ನರ್ಸ್ ಪತ್ರಿಕೆ 1931ರಲ್ಲಿ ಪ್ರಕಟಿಸಿತು. ಹೆಮಿಂಗ್ವೇ, ಫಿಟ್ಜೆರಾಲ್ಡ್ ಅವರಂಥವರ ಪುಸ್ತಕಗಳನ್ನು ತಿದ್ದಿದ ಮ್ಯಾಕ್ಸ್‌ವೆಲ್ ಪರ್ಕಿನ್ಸ್ ಅವರ ಸಂಪಾದಕರಾದರು. ರಾಲಿಂಗ್ಸ್ ಸ್ಕ್ರಬ್ಬಿನೊಳಗೆ ಕಳ್ಳಭಟ್ಟಿ ಇಳಿಸುವ ಒಂದು ಮನೆಯಲ್ಲಿ ವಾರಗಟ್ಟಲೆ ತಂಗಿದರು, ಬಟ್ಟೆ ಒಗೆದರು, ಬೇಟೆಗೆ ಹೋದರು. ಗಿಡಗಳ ಹೆಸರು, ಅಡುಗೆಯ ಕ್ರಮ, ಮಾತಿನ ಧಾಟಿ, ಎಲ್ಲವನ್ನೂ ಟಿಪ್ಪಣಿ ಮಾಡಿಕೊಂಡರು.

1933ರಲ್ಲಿ ಪರ್ಕಿನ್ಸ್ ಅವರಿಗೊಂದು ಸಲಹೆ ಕೊಟ್ಟರು: ಸ್ಕ್ರಬ್ಬಿನ ಹುಡುಗನೊಬ್ಬನ ಬಗ್ಗೆ ಬರೆಯಿರಿ. ಮಾದರಿಯಾಗಿ ಅವರು ನೆನಪಿಸಿದ ಪುಸ್ತಕಗಳಲ್ಲಿ ಮಾರ್ಕ್ ಟ್ವೇನನ ‘ಹಕಲ್‌ಬೆರಿ ಫಿನ್’ ಇತ್ತು. ಲಾಹೋರಿನ ಬೀದಿಯಿಂದ ಹೊರಟು ಹಿಂದುಸ್ತಾನ ಸುತ್ತುವ ಹುಡುಗನ ಕಥೆ, ಕಿಪ್ಲಿಂಗನ ‘ಕಿಮ್’ ಕೂಡ ಇತ್ತು. ಎರಡರಲ್ಲೂ ಹುಡುಗರು ಮನೆಯ ಹಂಗಿಲ್ಲದೆ ತಿರುಗುವವರು. ರಾಲಿಂಗ್ಸ್ ಕೊನೆಗೆ ಬರೆದದ್ದು ಮನೆಗೆ ಕಟ್ಟಿಹಾಕಿದ ಹುಡುಗನ ಕಥೆ.

ಆ ಕಥೆಯ ಬೀಜ ಸಿಕ್ಕಿದ್ದು ಸ್ಕ್ರಬ್ಬಿನ ಹಳೆಯ ಒಕ್ಕಲಿನವನಾದ ಕ್ಯಾಲ್ ಲಾಂಗ್ ಎಂಬ ಮುದುಕನ ಮನೆಯಲ್ಲಿ. ಪ್ಯಾಟ್ಸ್ ಐಲೆಂಡ್ ಎಂಬಲ್ಲಿ ಬೇರು ಬಿಟ್ಟ ಕುಟುಂಬ ಅದು. ಅವರ ಮನೆಯಲ್ಲಿ ಹಿಂದೊಮ್ಮೆ ಹುಡುಗರು ಜಿಂಕೆಮರಿ ಸಾಕಿದ್ದು, ಅದು ಬೆಳೆಗೆ ಬಾಯಿ ಹಾಕಿದ್ದು, ಆಮೇಲೆ ಅದನ್ನು ಕೊಲ್ಲಬೇಕಾಗಿ ಬಂದದ್ದು, ಇಷ್ಟು ಆ ಕುಟುಂಬದ ನೆನಪಿನಲ್ಲಿತ್ತು. ಹೇಳಿದರೆ ಎರಡು ನಿಮಿಷದ ಕಥೆ. ರಾಲಿಂಗ್ಸ್ ಅದರ ಸುತ್ತ ಒಂದು ಇಡೀ ವರ್ಷವನ್ನು ಕಟ್ಟಿದರು.

ಆ ವರ್ಷದ ಲೆಕ್ಕವನ್ನು ಕಾದಂಬರಿ ಬಿಡದೆ ಒಪ್ಪಿಸುತ್ತದೆ. ಮುದಿ ಕರಡಿಯೊಂದು ಮರಿ ಹಾಕಬೇಕಿದ್ದ ಹಂದಿಯನ್ನು ಕೊಲ್ಲುತ್ತದೆ. ಪೆನ್ನಿಗೆ ಹಾವು ಕಚ್ಚಿದಾಗ, ವಿಷ ಹೀರಿಸಲು ಅವನು ಎದುರಿಗೆ ಬಂದ ಹೆಣ್ಣು ಜಿಂಕೆಯನ್ನು ಹೊಡೆದು ಅದರ ಈಲಿಯನ್ನು ಗಾಯಕ್ಕೆ ಒತ್ತಿಕೊಳ್ಳುತ್ತಾನೆ. ತಬ್ಬಲಿಯಾದ ಅದರ ಮರಿಯನ್ನೇ ಜೋಡಿ ಮನೆಗೆ ತರುವುದು. ಅಪ್ಪನ ಜೀವ ಉಳಿಸಿದ ಪ್ರಾಣಿಯ ಮರಿ ಎಂಬ ಋಣ ಅದಕ್ಕಿದೆ. ‘ಫ್ಲ್ಯಾಗ್’ ಎಂಬ ಹೆಸರನ್ನು ಆರಿಸಿದವನು ಜೋಡಿಯ ಒಬ್ಬನೇ ಗೆಳೆಯ, ನೆರೆಮನೆಯ ಅಂಗವಿಕಲ ಹುಡುಗ ಫಾಡರ್‌ವಿಂಗ್. ಹೆಸರು ಕೇಳಲು ಜೋಡಿ ಹೋಗುವಷ್ಟರಲ್ಲಿ ಆ ಹುಡುಗ ತೀರಿಕೊಂಡಿರುತ್ತಾನೆ. ಆಮೇಲೆ ದಿನಗಟ್ಟಲೆ ಬಿಡದ ಮಳೆ, ನೆರೆ, ಕೊಳೆತ ಬೆಳೆ, ಕಾಡುಪ್ರಾಣಿಗಳಿಗೆ ತಗಲಿದ ರೋಗ, ಹಸಿದ ತೋಳಗಳು. ವಸಂತ ಬರುವ ಹೊತ್ತಿಗೆ ಮನೆಯಲ್ಲಿ ಮಿಕ್ಕಿದ್ದೆಂಬುದೇನೂ ಇಲ್ಲ. ಅದೇ ವಸಂತದಲ್ಲಿ ಮರಿ ಬೆಳೆದ ಜಿಂಕೆಯಾಗಿ ಮೊದಲು ಹೊಗೆಸೊಪ್ಪಿನ ಸಸಿಗಳನ್ನು ತುಳಿಯುತ್ತದೆ, ಆಮೇಲೆ ಜೋಳಕ್ಕೆ ಇಳಿಯುತ್ತದೆ.

ಓದುಗರು ಇಲ್ಲಿ ಒಬ್ಬ ಖಳನನ್ನು ಹುಡುಕುತ್ತಾರೆ, ಸಾಮಾನ್ಯವಾಗಿ ಓರಾಳ ಮೇಲೆ ಬೆರಳು ಮಾಡುತ್ತಾರೆ. ಮರಿಯನ್ನು ಮನೆಗೆ ಸೇರಿಸಲು ಮೊದಲಿನಿಂದಲೂ ಗೊಣಗಿದವಳು ಅವಳು. ಆದರೆ ಕಣಜದ ಲೆಕ್ಕ ಇಟ್ಟವಳೂ ಅವಳೇ. ಕೊಲ್ಲಬೇಕೆಂದು ಹೇಳುವವನು ಪೆನ್ನಿ, ಮಗನ ಬಾಲ್ಯ ಒಂದು ದಿನವಾದರೂ ಹೆಚ್ಚು ಉಳಿಯಲಿ ಎಂದು ಅವನ ಪಾಲಿನ ಕೆಲಸವನ್ನೂ ತಾನೇ ಮಾಡಿದ ಅಪ್ಪ. ಜೋಡಿಗೆ ಕೈ ಬರುವುದಿಲ್ಲ. ಓರಾ ಕೋವಿ ಹಿಡಿಯುತ್ತಾಳೆ, ಗುರಿ ತಪ್ಪಿ ಜಿಂಕೆ ಗಾಯಗೊಳ್ಳುತ್ತದೆ. ನರಳುವ ಪ್ರಾಣಿಯನ್ನು ಹಾಗೇ ಬಿಡಲಾಗದೆ ಹುಡುಗನೇ ಮುಗಿಸಬೇಕಾಗುತ್ತದೆ.

ಜೋಡಿ ಕಳೆದುಕೊಂಡದ್ದು ಏನೆಂದು ಇಲ್ಲಿ ಸ್ಪಷ್ಟವಾಗುತ್ತದೆ. ಕಾಡು ಕ್ರೂರ ಎಂದು ಅವನಿಗೆ ಮೊದಲೇ ಗೊತ್ತಿತ್ತು. ಅಪ್ಪನ ಪ್ರೀತಿ ತನ್ನ ಪ್ರೀತಿಗೆ ಯಾವಾಗಲೂ ಬೇಲಿಯಾಗಿ ನಿಲ್ಲುತ್ತದೆ ಎಂದು ನಂಬಿದ್ದ. ಆ ನಂಬಿಕೆ ಮುರಿಯಿತು. ಕಣಜ ಬರಿದಾದಾಗ ಅಪ್ಪನೂ ಲೆಕ್ಕ ಹಾಕಬೇಕಾಗುತ್ತದೆ, ಆ ಲೆಕ್ಕದಲ್ಲಿ ಪ್ರೀತಿಗೆ ಬೇರೆ ಕಂಬಸಾಲು ಇರುವುದಿಲ್ಲ. ಅಪ್ಪನ ಮೇಲೆ ದ್ವೇಷ ಕಾರಿ ಓಡಿಹೋದ ಹುಡುಗನನ್ನು ಮನೆಗೆ ತಿರುಗಿಸುವುದು ಉಪದೇಶವಲ್ಲ, ಹಸಿವು. ಒಡಕು ದೋಣಿಯಲ್ಲಿ, ಹೊಟ್ಟೆಗಿಲ್ಲದೆ ಕಳೆದ ದಿನಗಳಲ್ಲಿ ಅಪ್ಪ ಅಮ್ಮ ಯಾವುದಕ್ಕೆ ಹೆದರಿದ್ದರೆಂದು ಅವನ ಮೈಗೆ ತಿಳಿಯುತ್ತದೆ.

ಶೀರ್ಷಿಕೆಯ ಪದದಲ್ಲೇ ಇದೆಲ್ಲ ಅಡಗಿದೆ. ಇಯರ್ಲಿಂಗ್ ಎಂದರೆ ಒಂದು ವರ್ಷ ತುಂಬಿದ ಪ್ರಾಣಿ, ಇನ್ನು ಮರಿಯಲ್ಲ, ಪೂರ್ತಿ ಬೆಳೆದದ್ದೂ ಅಲ್ಲ. ದನ ಎಮ್ಮೆ ಸಾಕಿದ ಭಾಷೆಗಳಲ್ಲಿ ಇಂಥ ನಡುವಿನ ವಯಸ್ಸಿಗೆ ಪದಗಳ ಬರವಿಲ್ಲ. ಕನ್ನಡದಲ್ಲಿ ಕರು ಆದ ಮೇಲೆ ಕಡಸು ಇದೆ, ಹೋರಿ ಇದೆ, ಪಡ್ಡೆ ಇದೆ. ಇನ್ನೂ ಕರು ಹಾಕದ ಎಮ್ಮೆಗೂ ಪಡ್ಡೆ ಎನ್ನುತ್ತೇವೆ, ಮೀಸೆ ಚಿಗುರುವ ಹುಡುಗರಿಗೂ ಪಡ್ಡೆ ಹುಡುಗರು ಎನ್ನುತ್ತೇವೆ. ಕಾದಂಬರಿಯ ಹೆಸರಿನಲ್ಲಿ ಇರುವುದು ಅದೇ ಎರಡು ಮುಖದ ಪದ. ಜಿಂಕೆ ಆ ವಯಸ್ಸನ್ನು ದಾಟುವುದಿಲ್ಲ, ಹುಡುಗ ದಾಟುತ್ತಾನೆ.

ಬೆಳೆಯುವ ಪ್ರಾಣಿ ಯಾರಿಗೂ ಕಾಯುವುದಿಲ್ಲ ಎಂಬುದನ್ನು ಎಂಜಿಎಂ ಚಿತ್ರಸಂಸ್ಥೆ ಬೇರೆ ರೀತಿಯಲ್ಲಿ ಕಲಿಯಿತು. 1941ರಲ್ಲಿ ಸ್ಪೆನ್ಸರ್ ಟ್ರೇಸಿಯನ್ನು ಪೆನ್ನಿಯಾಗಿ ಇಟ್ಟುಕೊಂಡು ಫ್ಲಾರಿಡಾದಲ್ಲಿ ಶುರುವಾದ ಚಿತ್ರೀಕರಣ ಅರ್ಧಕ್ಕೇ ನಿಂತಿತು. ಸೆಖೆ, ಸೊಳ್ಳೆಗಳ ಜೊತೆಗೆ, ಜಿಂಕೆಮರಿಗಳು ಚಿತ್ರದ ವೇಳಾಪಟ್ಟಿಗಿಂತ ಬೇಗ ಬೆಳೆಯುತ್ತಿದ್ದವು. ಗ್ರೆಗರಿ ಪೆಕ್ ನಟಿಸಿದ ಚಿತ್ರ ತೆರೆ ಕಂಡದ್ದು 1946ರಲ್ಲಿ.

ಕಾದಂಬರಿಗೂ ತನ್ನದೇ ಮುಗ್ಧತೆಯಿದೆ, ಅದನ್ನು ಹೇಳದಿದ್ದರೆ ಚರಿತ್ರೆ ಪೂರ್ತಿಯಾಗದು. ಪೆನ್ನಿ ನೆಮ್ಮದಿ ಹುಡುಕಿ ಬಂದ ಆ ಕಾಡು ತಾನಾಗಿ ಖಾಲಿಯಾದದ್ದಲ್ಲ. 1835ರಿಂದ 1842ರವರೆಗೆ ನಡೆದ ಯುದ್ಧದಲ್ಲಿ ಸೆಮಿನೋಲ್ ಮೂಲನಿವಾಸಿಗಳನ್ನು ಫ್ಲಾರಿಡಾದಿಂದ ಬಹುಪಾಲು ಹೊರದಬ್ಬಲಾಗಿತ್ತು. ಅದೇ 1842ರಲ್ಲಿ ಬಂದ ಕಾಯಿದೆ, ಕೋವಿ ಹಿಡಿದು ನೆಲೆಸಲು ಸಿದ್ಧನಿರುವ ಒಕ್ಕಲಿಗನಿಗೆ 160 ಎಕರೆ ಕೊಡುತ್ತೇನೆಂದಿತು. ತಾನು ಬರೆದ ಜನ ಸುಮ್ಮನೆ ಬರೆಸಿಕೊಳ್ಳುವವರಲ್ಲ ಎಂದು ರಾಲಿಂಗ್ಸ್‌ಗೂ ಮುಂದೆ ತಿಳಿಯಿತು. 1942ರ ‘ಕ್ರಾಸ್ ಕ್ರೀಕ್’ ಎಂಬ ನೆನಪಿನ ಪುಸ್ತಕದಲ್ಲಿ ತನ್ನನ್ನು ಚಿತ್ರಿಸಿದ ಬಗೆಗೆ ಗೆಳತಿ ಜೆಲ್ಮಾ ಕೇಸನ್ ನ್ಯಾಯಾಲಯಕ್ಕೆ ಹೋದರು. ಖಾಸಗಿತನದ ಹಕ್ಕಿನ ಆ ಮೊಕದ್ದಮೆ ವರ್ಷಗಟ್ಟಲೆ ನಡೆದು, 1947ರಲ್ಲಿ ಫ್ಲಾರಿಡಾದ ಸುಪ್ರೀಂ ಕೋರ್ಟ್ ಕೇಸನ್ ಪರ ತೀರ್ಪು ಕೊಟ್ಟಿತು. ಪರಿಹಾರ ಒಂದು ಡಾಲರ್.

ರಾಲಿಂಗ್ಸ್ 1953ರಲ್ಲಿ ತೀರಿಕೊಂಡರು. ದೊಡ್ಡವರಿಗೆಂದು ಬಂದ ಪುಸ್ತಕ ನಿಧಾನವಾಗಿ ಮಕ್ಕಳ ಕಪಾಟಿಗೆ ಸರಿಯಿತು. ಅಲ್ಲಿ ಓದುವ ಮಗುವಿಗೆ ಅದು ಜಿಂಕೆಯ ಕಥೆ. ಅದೇ ಮಗು ಬೆಳೆದು, ಮನೆಯ ಖರ್ಚಿನ ಪುಸ್ತಕ ಕೈಗೆ ಬಂದ ಮೇಲೆ ಮತ್ತೆ ಓದಿದರೆ ಕಣ್ಣು ಪೆನ್ನಿಯ ಮೇಲೆ ನಿಲ್ಲುತ್ತದೆ.

ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಜೋಡಿ ಕಳೆ ತೆಗೆಯುವ ಕೆಲಸ ಬಿಟ್ಟು ತೊರೆಗೆ ಓಡಿ, ತಾಳೆಗರಿಯಿಂದ ಪುಟ್ಟ ನೀರುಚಕ್ರ ಮಾಡಿ ತಿರುಗಿಸುತ್ತಾ ಕೂರುತ್ತಾನೆ. ಕೊನೆಯಲ್ಲಿ, ಮನೆಗೆ ಮರಳುವ ದಾರಿಯಲ್ಲಿ, ಅಂಥದೇ ಇನ್ನೊಂದು ಚಕ್ರ ಮಾಡಿ ನೋಡುತ್ತಾನೆ. ಅದೂ ತಿರುಗುತ್ತದೆ, ಆದರೆ ಅವನಿಗೆ ಅದರಲ್ಲಿ ಏನೂ ಸಿಗುವುದಿಲ್ಲ. ಎದ್ದು ಮನೆಯ ಕಡೆ ನಡೆಯುತ್ತಾನೆ.

ಲಾಂಗ್ ಕುಟುಂಬದ ಪ್ಯಾಟ್ಸ್ ಐಲೆಂಡ್ ಈಗ ಒಕಾಲಾ ರಾಷ್ಟ್ರೀಯ ಅರಣ್ಯದ ಒಳಗಿದೆ. ಕಾದಂಬರಿಯ ಹೆಸರನ್ನೇ ಹೊತ್ತ ಕಾಲುದಾರಿಯೊಂದು ಅಲ್ಲಿದೆ. ಒಕ್ಕಲುಗಳು 1930ರ ದಶಕದಲ್ಲೇ ಬಿಟ್ಟುಹೋದವು. ಕುಟುಂಬದ ಸಣ್ಣ ಸ್ಮಶಾನ ಮತ್ತು ನೀರು ಹೊತ್ತು ತರುತ್ತಿದ್ದ ಆ ಆಳದ ಗುಂಡಿ ಉಳಿದಿವೆ. ಹೊಲವಿದ್ದ ಜಾಗದಲ್ಲಿ ಈಗ ಪೈನ್ ಮರಗಳು. ಜಿಂಕೆಗಳಿಂದ ಕಾಯಬೇಕಾದ ಜೋಳ ಅಲ್ಲಿಲ್ಲ.