ಗ್ರಾಮಾಂತರವೆಂಬ ಹೆಸರು

2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ಸೇರಿದ ರಾಜ್ಯ ಸಚಿವ ಸಂಪುಟವು ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು ತೀರ್ಮಾನಿಸಿತು. ಅಂದು ಸಂಜೆಯೇ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿ, "ಸಾರ್, ಇನ್ಮೇಲೆ ನಾವು ಹಳ್ಳಿಯವರಲ್ಲ ಬಿಡಿ" ಎಂದು ನಕ್ಕ. ನಾನೂ ನಕ್ಕೆ. ಆದರೆ ಮೂವತ್ತು ವರ್ಷಕ್ಕೂ ಮೀರಿ ಕಪ್ಪು ಹಲಗೆಯ ಮೇಲೆ ಈ ಜಿಲ್ಲೆಯ ನಕ್ಷೆಯನ್ನು ಬರೆದು ಅಳಿಸಿದ ನನಗೆ ಆ ಮಾತು ಮನಸ್ಸಿನಲ್ಲೇ ಉಳಿಯಿತು.

ನಾನು ಬಿ.ಎಡ್. ಮುಗಿಸಿ ವೃತ್ತಿಗೆ ಸೇರಿದ ಹೊಸತರಲ್ಲೇ, 1986ರ ಆಗಸ್ಟ್ 15ರಂದು, ಅವಿಭಜಿತ ಬೆಂಗಳೂರು ಜಿಲ್ಲೆ ಎರಡಾಯಿತು. ನಮ್ಮ ಪಾಲಿಗೆ ಎಂಟು ತಾಲ್ಲೂಕುಗಳು ಬಂದವು. ಜಿಲ್ಲಾ ಕೇಂದ್ರ ಮಾತ್ರ ಬೆಂಗಳೂರು ನಗರದಲ್ಲೇ ಉಳಿಯಿತು. "ನಮ್ಮ ಜಿಲ್ಲಾ ಕೇಂದ್ರ ನಮ್ಮ ಜಿಲ್ಲೆಯಲ್ಲಿ ಏಕಿಲ್ಲ?" ಎಂದು ಪ್ರತಿ ವರ್ಷವೂ ಯಾರಾದರೊಬ್ಬ ಹುಡುಗ ಎದ್ದು ನಿಂತು ಕೇಳುತ್ತಿದ್ದ. ಉತ್ತರ ಹೇಳಲು ನನಗೆ ಮುಜುಗರವಾಗುತ್ತಿತ್ತು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಬೇರೆ ಜಿಲ್ಲೆಯಾಗಿ ಹೋದವು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳು ಮಹಾನಗರದ ಉತ್ತರಕ್ಕೆ ಬಾಗಿದ ಕುಡುಗೋಲಿನಂತೆ ಉಳಿದುಕೊಂಡವು. ಜಿಲ್ಲಾಡಳಿತದ ಕಚೇರಿಗಳು ದೇವನಹಳ್ಳಿ ತಾಲ್ಲೂಕಿನ ಬೀರಸಂದ್ರಕ್ಕೆ ಬರುವ ಹೊತ್ತಿಗೆ ಜಿಲ್ಲೆಗೆ ಮೂವತ್ತು ವರ್ಷ ದಾಟಿತ್ತು!

ಜನಗಣತಿಯ ಅಂಕಿಗಳನ್ನು ಓದುವವರು ಇಲ್ಲಿ ಎಡವುವುದುಂಟು. 2001ರಲ್ಲಿ ಜಿಲ್ಲೆಯ ಜನಸಂಖ್ಯೆ 18,81,514, 2011ರಲ್ಲಿ 9,90,923. ಅರ್ಧಕ್ಕರ್ಧ ಜನ ಎಲ್ಲಿ ಹೋದರು? ಯಾರೂ ಎಲ್ಲಿಗೂ ಹೋಗಲಿಲ್ಲ, ಗಡಿರೇಖೆ ಸರಿಯಿತು ಅಷ್ಟೆ. ಉಳಿದ ನಾಲ್ಕು ತಾಲ್ಲೂಕುಗಳಲ್ಲಿ ಆ ಹತ್ತು ವರ್ಷಗಳಲ್ಲಿ ಜನ ಶೇಕಡಾ 16ರಷ್ಟು ಹೆಚ್ಚಿದ್ದರು. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲಿಗೆ ಸ್ವಲ್ಪ ಕಡಿಮೆ ಮಂದಿ ಆಗಲೂ ಹಳ್ಳಿಗಳಲ್ಲೇ ಇದ್ದರು.

ಸರ್ಕಾರ ಎಳೆದ ಗೆರೆ ಹೀಗಾದರೆ, ನೀರು ಎಳೆದ ಗೆರೆಯೇ ಬೇರೆ. ನಮ್ಮಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ಅರ್ಕಾವತಿ ದೊಡ್ಡಬಳ್ಳಾಪುರದ ಕಡೆಯಿಂದ ಇಳಿಯುತ್ತದೆ. ದಕ್ಷಿಣ ಪಿನಾಕಿನಿ ಹೊಸಕೋಟೆಯ ದೊಡ್ಡಕೆರೆಯನ್ನು ಮುಟ್ಟಿ ತಮಿಳುನಾಡಿನತ್ತ ಸಾಗುತ್ತದೆ. ಶಿವಗಂಗೆಯ ಕಡೆಯಿಂದ ಬರುವ ಕುಮುದ್ವತಿ ಅರ್ಕಾವತಿಯನ್ನು ಕೂಡುತ್ತದೆ. ಆದ್ದರಿಂದಲೇ ನಮ್ಮ ಹಿರಿಯರು ಕೆರೆಯ ಹಿಂದೆ ಕೆರೆ ಕಟ್ಟಿ, ಮೇಲಿನ ಕೋಡಿ ಹರಿದರೆ ಕೆಳಗಿನದು ತುಂಬುವಂತೆ ಮಾಡಿದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆಸರಘಟ್ಟದಿಂದ, 1933ರ ನಂತರ ತಿಪ್ಪಗೊಂಡನಹಳ್ಳಿಯಿಂದ ಬೆಂಗಳೂರು ಕುಡಿದದ್ದು ಈ ಅರ್ಕಾವತಿಯ ನೀರನ್ನೇ. ಈಗ ಹೊಳೆ ಬತ್ತಿದೆ. ಹೆಬ್ಬಾಳ-ನಾಗವಾರ ಕಣಿವೆ ಯೋಜನೆಯಲ್ಲಿ ನಗರದ ಕೊಳಚೆ ನೀರು ಎರಡು ಹಂತದ ಶುದ್ಧೀಕರಣ ಕಂಡು ದೇವನಹಳ್ಳಿ ತಾಲ್ಲೂಕಿನ ಕೆಲವು ಕೆರೆಗಳಿಗೆ ಬರುತ್ತಿದೆ. ಮೂರನೆಯ ಹಂತವೂ ಆಗಲೆಂಬುದು ರೈತರ ಬೇಡಿಕೆ. ಕೆರೆ ತುಂಬಿರುವುದನ್ನು ಕಂಡಾಗ ಸಂತೋಷವಾಗುವುದು ಸುಳ್ಳಲ್ಲ. ಆದರೆ ನಾವು ಕೊಟ್ಟದ್ದೇನು, ಪಡೆದದ್ದೇನು ಎಂಬ ಲೆಕ್ಕವೂ ಜೊತೆಗೇ ಏಳುತ್ತದೆ.

ಗ್ರಾಮಾಂತರವೆಂದರೆ ನಗರವನ್ನು ತೆಗೆದ ಮೇಲೆ ಉಳಿದದ್ದು ಎಂದು ಭಾವಿಸುವವರಿಗೆ ಇನ್ನೊಂದು ಮಾತು. ನೆಲಮಂಗಲ ತಾಲ್ಲೂಕಿನ ಮಣ್ಣೆ, ಎಂಟನೆಯ ಶತಮಾನದಲ್ಲಿ ಗಂಗರ ಶ್ರೀಪುರುಷನ ಕಾಲಕ್ಕೆ ಮಾನ್ಯಪುರವೆಂಬ ರಾಜಧಾನಿ. ದೇವನಹಳ್ಳಿ ತಾಲ್ಲೂಕಿನ ಆವತಿಗೆ ಕಂಚಿಯ ಕಡೆಯಿಂದ ಬಂದು ನೆಲೆಸಿದ ರಣಭೈರೇಗೌಡನ ಕುಲದವರೇ ದೇವನಹಳ್ಳಿ, ಚಿಕ್ಕಬಳ್ಳಾಪುರ ಮೊದಲಾದ ಪಾಳೆಯಪಟ್ಟುಗಳನ್ನು ಕಟ್ಟಿದರೆಂದು ಐತಿಹ್ಯ. 1537ರಲ್ಲಿ ಬೆಂಗಳೂರು ಪೇಟೆಯನ್ನು ಕಟ್ಟಿಸಿದ ಕೆಂಪೇಗೌಡರ ಯಲಹಂಕ ಮನೆತನದ ಮೂಲವನ್ನೂ ಆವತಿಗೇ ಜೋಡಿಸುತ್ತಾರೆ. ಹಾಗೆ ನೋಡಿದರೆ ನಗರವೇ ನಮ್ಮ ಹಳ್ಳಿಯ ಕೂಸು!

ನನ್ನ ತರಗತಿಯ ಹಾಜರಿ ಪುಸ್ತಕವೇ ಇಲ್ಲಿನ ಸಮುದಾಯಗಳ ಪಟ್ಟಿಯಂತಿತ್ತು. ಮನೆಯಲ್ಲಿ ಕೆಲವರದು ಕನ್ನಡ, ಕೆಲವರದು ತೆಲುಗು ಆದ ಮೊರಸು ಒಕ್ಕಲಿಗರ ಮಕ್ಕಳು. ಲಿಂಗಾಯತರ, ಕುರುಬರ, ದಲಿತ ಕೇರಿಗಳ ಮಕ್ಕಳು. ಹೂವು, ತರಕಾರಿ ಬೆಳೆಯುವ, ಕರಗದ ದಿನ ಬೆಳಗಿನ ಪಾಠಕ್ಕೆ ಚಕ್ಕರ್ ಹೊಡೆಯುತ್ತಿದ್ದ ತಿಗಳರ ಹುಡುಗರು. ವಿಜಯಪುರದಲ್ಲಿ ರೇಷ್ಮೆ ನೂಲು ಬಿಚ್ಚುವ ಮುಸಲ್ಮಾನ ಕುಟುಂಬಗಳವರು. ದೊಡ್ಡಬಳ್ಳಾಪುರದ ದೇವಾಂಗ, ಪದ್ಮಶಾಲಿ ಮನೆಗಳ ಮಕ್ಕಳಂತೂ ರಾತ್ರಿಯೆಲ್ಲ ವಿದ್ಯುತ್ ಮಗ್ಗದ ಸದ್ದಿನಲ್ಲೇ ಮನೆಗೆಲಸ ಬರೆದು, ನನ್ನ ಪಾಠದ ಮೌನದಲ್ಲಿ ನಿದ್ದೆ ಹೋಗುತ್ತಿದ್ದರು. (ಓದುತ್ತಿರುವವರಿಗೆ ತಾವೇ ಎಂದು ಗೊತ್ತಾಗಿರಬೇಕು.)

2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ಸಂದಿತು. ಚಕ್ಕೋತದ ಗಿಡ, ದ್ರಾಕ್ಷಿ ಚಪ್ಪರಗಳಿದ್ದ ದೇವನಹಳ್ಳಿ ಸೀಮೆ ನಿವೇಶನಗಳ ಸೀಮೆಯಾಯಿತು. ಜಮೀನು ಮಾರಿ ಬಾಳು ಕಟ್ಟಿಕೊಂಡವರೂ ಇದ್ದಾರೆ, ಹಣ ಕರಗಿ ತಮ್ಮ ಹೊಲವಿದ್ದ ಜಾಗದಲ್ಲೇ ಕಾವಲುಗಾರರಾದವರೂ ಇದ್ದಾರೆ. ಇಬ್ಬರೂ ನನ್ನ ಶಿಷ್ಯರೇ. ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯನ್ನು ಸ್ವಾಧೀನಪಡಿಸಿಕೊಳ್ಳುವ ಯೋಜನೆಯ ವಿರುದ್ಧ ರೈತರು 2022ರ ಏಪ್ರಿಲ್‌ನಿಂದ ಧರಣಿ ಕುಳಿತರು. ಜಿಲ್ಲೆಯ ಹೆಸರಿನಿಂದ 'ಗ್ರಾಮ'ವನ್ನು ಬಿಡಲು ತೀರ್ಮಾನವಾದ ಹದಿಮೂರನೆಯ ದಿನ, 2025ರ ಜುಲೈ 15ರಂದು, ಆ ಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿಗಳು ಪ್ರಕಟಿಸಿದರು. ಹೆಸರಿಗಿಂತ ಹೊಲ ದೊಡ್ಡದೆಂದು ಆ ಜನರಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ.

ದೂರವಾಣಿ ಮಾಡಿದ್ದ ಆ ಶಿಷ್ಯ ಆಮೇಲೆ ಮಗಳ ಲಗ್ನಪತ್ರಿಕೆ ಬರೆಸಲು ಬಂದ. "ಜಿಲ್ಲೆ ಯಾವುದೂಂತ ಹಾಕ್ಸೋದು ಸಾರ್?" ಎಂದ. ಊರು, ಹೋಬಳಿ, ತಾಲ್ಲೂಕು ಬರೆದು ಕೊಟ್ಟೆ. ಜಿಲ್ಲೆಯ ಹೆಸರಿನ ಜಾಗವನ್ನು ಅವನಿಗೇ ಬಿಟ್ಟೆ. ಅಚ್ಚಾಗಿ ಬಂದ ಪತ್ರಿಕೆಯಲ್ಲಿ 'ಬೆಂಗಳೂರು ಗ್ರಾಮಾಂತರ ಜಿಲ್ಲೆ' ಎಂದೇ ಇತ್ತು.