ಓಡಿದರೆ ಕೂಲಿ, ನಿಂತರೆ ಇಲ್ಲ
ಅಮೆರಿಕದಲ್ಲಿ ಉಕ್ಕಿನ ಸುರುಳಿ, ಕಬ್ಬಿಣದ ತೊಲೆಗಳನ್ನು ಸಾಗಿಸುವುದು ಪಕ್ಕದ ಹಲಗೆಯಾಗಲಿ ಮಾಡಾಗಲಿ ಇಲ್ಲದ 'ಫ್ಲ್ಯಾಟ್‌ಬೆಡ್' ಲಾರಿಗಳಲ್ಲಿ. ಅದರ ಚಾಲಕನಿಗೆ ಸ್ಟಿಯರಿಂಗ್ ಹಿಡಿಯುವುದಷ್ಟೇ ಕೆಲಸವಲ್ಲ. ಸರಕನ್ನು ಸರಪಳಿಯಿಂದ ಬಿಗಿಯಬೇಕು. ಮಳೆಯಿರಲಿ, ಹಿಮವಿರಲಿ, ಮೇಲೆ ಹತ್ತಿ ಭಾರದ ಟಾರ್ಪಾಲು ಹೊದಿಸಬೇಕು. ಬಿಗಿತ ಸಡಿಲಾದರೆ ಟನ್‌ಗಟ್ಟಲೆ ಉಕ್ಕು ಅವನ ಬೆನ್ನ ಮೇಲೆಯೇ ಬಂದೀತು.

ಇಷ್ಟಾದರೂ ಲೋಡಿಗಾಗಿ ಕಾರ್ಖಾನೆಯ ಗೇಟಿನಲ್ಲಿ ಕಾದ ಹೊತ್ತಿಗೆ ಸರಿಯಾದ ಕೂಲಿ ಸಿಗುತ್ತಿರಲಿಲ್ಲ. ಈ ಅನ್ಯಾಯದ ವಿರುದ್ಧ 1967ರ ಆಗಸ್ಟ್‌ನಲ್ಲಿ ಇಂಡಿಯಾನಾ ರಾಜ್ಯದ ಗ್ಯಾರಿ ಎಂಬ ಉಕ್ಕಿನ ಪಟ್ಟಣದಲ್ಲಿ ಚಾಲಕರು ಲಾರಿ ನಿಲ್ಲಿಸಿದರು. ಸ್ವಂತ ಲಾರಿಯನ್ನು ಕಂಪೆನಿಗೆ ಒಪ್ಪಿಸಿ ದುಡಿಯುತ್ತಿದ್ದವರು ಅವರು. ತಮ್ಮದೇ ಸಂಘಟನೆಯಾದ ಟೀಮ್‌ಸ್ಟರ್ಸ್ ತಮ್ಮ ಮಾತು ಕೇಳುತ್ತಿಲ್ಲವೆಂಬ ಸಿಟ್ಟೂ ಅವರಿಗಿತ್ತು. ಮುಷ್ಕರ ಓಹಿಯೋ, ಪೆನ್ಸಿಲ್ವೇನಿಯಾಗಳಿಗೂ ಹಬ್ಬಿತು. ಕೊನೆಗೆ ರಾಜ್ಯಗಳ ಗವರ್ನರ್‌ಗಳು ಮಧ್ಯೆ ಬಂದು ರಾಜಿಯಾಯಿತು. ನಿಗದಿತ ಗಂಟೆಗಳನ್ನು ಮೀರಿ ಕಾದರೆ ಹಣ ಕೊಡಬೇಕೆಂಬುದು ಒಪ್ಪಿತವಾಯಿತು.

ಆದರೆ ಆ ಗೆಲುವು ಬೇರೂರಲಿಲ್ಲ. 1980ರ ಜುಲೈ 1ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಮೋಟಾರ್ ಕ್ಯಾರಿಯರ್ ಕಾಯ್ದೆಯು ಈ ಉದ್ಯಮದ ಬಾಗಿಲನ್ನು ಹೊಸ ಕಂಪೆನಿಗಳಿಗೆ ತೆರೆಯಿತು. ಪೈಪೋಟಿಯಲ್ಲಿ ಸಾಗಾಟದ ದರ ಇಳಿಯಿತು. ಅದರೊಂದಿಗೆ ಕಾರ್ಮಿಕ ಸಂಘದ ಬಲವೂ ಚಾಲಕರ ನಿಜವೇತನವೂ ಇಳಿದವು. ಹೆಚ್ಚುವರಿ ದುಡಿಮೆಗೆ ಒಂದೂವರೆ ಪಟ್ಟು ಕೂಲಿ ಕೊಡಿಸುವ 1938ರ ಕಾಯ್ದೆಯಂತೂ ಅಂತರರಾಜ್ಯ ಲಾರಿ ಚಾಲಕರನ್ನು ಆ ಹಕ್ಕಿನಿಂದ ಹೊರಗೇ ಇಟ್ಟಿದೆ.

ಇಂದಿಗೂ ಅಲ್ಲಿ ದೂರ ಪ್ರಯಾಣದ ಬಹಳಷ್ಟು ಚಾಲಕರ ಸಂಬಳ ಓಡಿದ ಮೈಲಿಗಳ ಲೆಕ್ಕದಲ್ಲೇ. ಅಗ್ಗದ ಸಾಗಾಟದ ಲಾಭವನ್ನು ಎಲ್ಲರೂ ಹಂಚಿಕೊಂಡರು. ಗೇಟಿನಲ್ಲಿ ಕಳೆದ ಗಂಟೆಗಳ ನಷ್ಟವನ್ನು ಮಾತ್ರ ಚಾಲಕನೊಬ್ಬನೇ ಹೊತ್ತ.